ಟೈಗರ್ ಮಾತ್ ಮಾದರಿ ಕಿಟ್: ಹಿಂದಕ್ಕೆ ಬಾಗಿದ ರೆಕ್ಕೆಯ ಕಾರಣ

ಪುನರ್ವಸು ಮಳೆಗೆ ಶಾಲೆಗಳು ಮುಚ್ಚಿದ್ದ ವಾರದಲ್ಲಿ, ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಕೂತು ಮಗಳೂ ನಾನೂ ಟೈಗರ್ ಮಾತ್ ಎಂಬ ಹಳೆಯ ತರಬೇತಿ ವಿಮಾನದ 1:72 ಅಳತೆಯ ಪ್ಲಾಸ್ಟಿಕ್ ಕಿಟ್ ಒಂದನ್ನು ಜೋಡಿಸಿದೆವು. ಸೋಗಾನೆಯ ನಮ್ಮೂರ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನಗಳನ್ನಷ್ಟೇ ಕಂಡಿದ್ದ ಅವಳು, ಇದಕ್ಕೇಕೆ ಎರಡು ಜೊತೆ ರೆಕ್ಕೆ, ಅವೇಕೆ ಹಿಂದಕ್ಕೆ ಬಾಗಿವೆ ಎಂದು ಮೊದಲ ದಿನವೇ ಕೇಳಿದಳು.

ಈ ಕಿಟ್ಟಿನ ನಿಜವಾದ ಬೆಲೆ ಆ ಎರಡನೆಯ ಪ್ರಶ್ನೆಯಲ್ಲಿದೆ. ಇದನ್ನು ತಯಾರಿಸಿದ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ಹಿಂದಿನ ಮಾತ್ ವಿಮಾನದಲ್ಲಿ ಮುಂದಿನ ಆಸನದ ಸರಿಮೇಲೆ ಪೆಟ್ರೋಲ್ ಟ್ಯಾಂಕ್, ಸುತ್ತ ಆಧಾರದ ಕಂಬಿಗಳು ಇದ್ದುದರಿಂದ, ಪ್ಯಾರಾಚೂಟ್ ಕಟ್ಟಿಕೊಂಡವರು ಆಪತ್ತಿನಲ್ಲಿ ಹೊರಗೆ ಹಾರುವುದು ಕಷ್ಟವಾಗಿತ್ತು. ಹಾಗಾಗಿ ಟೈಗರ್ ಮಾತ್‌ನಲ್ಲಿ ಮೇಲಿನ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಅದರಿಂದ ತಪ್ಪಿದ ತೂಕದ ಸಮತೋಲವನ್ನು ಸರಿಪಡಿಸಲು ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಮೊದಲ ಟೈಗರ್ ಮಾತ್ ಹಾರಿದ್ದು 1931ರ ಅಕ್ಟೋಬರ್ 26ರಂದು. ನಡುಭಾಗದ ಪುಟ್ಟ ಕಂಬಿಗಳನ್ನು ಚಿಮುಟದಲ್ಲಿ ಹಿಡಿದು ಅಂಟಿಸುವಾಗ ಅವು ಮುಂದಕ್ಕೆ ವಾಲುವುದು ಬೆರಳಿಗೇ ತಿಳಿಯುತ್ತದೆ. ಎಂಜಿನ್ನಿನ ಸಿಲಿಂಡರುಗಳು ತಲೆಕೆಳಗಾಗಿ ಕೂರುವುದನ್ನೂ ಅವಳೇ ಗುರುತಿಸಿದಳು; ಅದರಿಂದ ಪೈಲಟ್‌ಗೆ ಎದುರಿನ ನೋಟ ತೆರೆಯುತ್ತದೆ. ಇಷ್ಟೆಲ್ಲ ಇದ್ದೂ ಕೈಪಿಡಿಯಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲದಿರುವುದು ನನಗೆ ದೊಡ್ಡ ಕೊರತೆಯೆಂದೇ ತೋರಿತು.

ರೆಕ್ಕೆಗಳ ನಡುವಿನ ತಂತಿಗಳನ್ನೂ ಕೊಟ್ಟಿಲ್ಲ. ಹಾರುವಾಗ ರೆಕ್ಕೆ ಮೇಲಕ್ಕೆ ಮಡಚಿಕೊಳ್ಳದಂತೆ ಬಿಗಿಹಿಡಿಯುವುದೇ ಆ ತಂತಿಗಳಾದ್ದರಿಂದ, ಗಾಂಧಿ ಬಜಾರಿನಿಂದ ಬೂದು ಬಣ್ಣದ ಹೊಲಿಗೆ ದಾರ ತಂದು ಕಟ್ಟಿದೆವು. ಜಡಿಮಳೆಯ ತೇವಕ್ಕೆ ಹಳದಿ ಬಣ್ಣ ಎರಡು ದಿನವಾದರೂ ಕೈಗೆ ಅಂಟುತ್ತಿತ್ತು. ಕೊನೆಗೆ ಬಚ್ಚಲೊಲೆಯಿಂದ ಸಾಕಷ್ಟು ದೂರದ ಗೂಡಿನಲ್ಲಿ ಇಟ್ಟ ಮೇಲೆ ಒಣಗಿತು. ಮಲೆನಾಡಿನವರು ಇದನ್ನು ಬೇಸಿಗೆ ರಜೆಯಲ್ಲಿ ಕೈಗೆತ್ತಿಕೊಳ್ಳುವುದು ಒಳ್ಳೆಯದು.

ನಮ್ಮ ವಾಯುಪಡೆಯ ಎಷ್ಟೋ ಪೈಲಟ್‌ಗಳು ಹಾರಲು ಕಲಿತದ್ದು ಈ ವಿಮಾನದಲ್ಲಿ. ಬೆಂಗಳೂರಿನಲ್ಲಿ ವಿಮಾನ ವಿನ್ಯಾಸಕಾರ ವಿ.ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡು 1951ರಲ್ಲಿ ಹಾರಿದ, ಒಂದೇ ಜೊತೆ ರೆಕ್ಕೆಯ ಎಚ್‌ಟಿ-2 ತರಬೇತಿ ವಿಮಾನ ಮುಂದೆ ಇದರ ಜಾಗಕ್ಕೆ ಬಂದಿತು. ಅದರ ಕಿಟ್ ಎಲ್ಲಾದರೂ ಸಿಕ್ಕರೆ ಪಕ್ಕದಲ್ಲಿಡಬೇಕೆಂದು ಮಗಳು ಕಪಾಟಿನಲ್ಲಿ ಈಗಲೇ ಜಾಗ ಬಿಟ್ಟಿದ್ದಾಳೆ.