450 ರೂಪಾಯಿ ಭೂತಗನ್ನಡಿ: ಕಲ್ಲಿನಲ್ಲೂ ಹೊಂಡದಲ್ಲೂ ಅದೇ ಗೆರೆ

ಮೈಸೂರಿನ ದೇವರಾಜ ಅರಸು ರಸ್ತೆ ಹತ್ತಿರ, ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಮಡಚುವ ಭೂತಗನ್ನಡಿ ಕೊಂಡೆ. 10 ಪಟ್ಟು ದೊಡ್ಡದಾಗಿ ತೋರಿಸುತ್ತದೆ, 450 ರೂಪಾಯಿ. ಮೊದಲು ಕೊಟ್ಟದ್ದರ ಸ್ಕ್ರೂ ಸಡಿಲವಿತ್ತು, ಎರಡೇ ದಿನಕ್ಕೆ ಗಾಜು ಅಲ್ಲಾಡತೊಡಗಿತು. ಬಿಲ್ ತೋರಿಸಿದೆ, ಬೇರೆ ಕೊಟ್ಟರು.

ಕೊಂಡದ್ದು ಕ್ಲ್ಯಾಮ್ ಶ್ರಿಂಪ್ ನೋಡಲಿಕ್ಕೆ. ನೋಡಲು ಪುಟ್ಟ ಕಪ್ಪೆಚಿಪ್ಪು, ಒಳಗಿರುವುದು ಸೀಗಡಿಯ ದೂರದ ನೆಂಟ. ಮುಂಗಾರಿನಲ್ಲಿ ಮದ್ದೂರಿನ ಹತ್ತಿರ ನಮ್ಮ ಹೊಲದ ಹೊಂಡದಿಂದ ನೀರು ತಂದು ಬಿಳಿ ತಟ್ಟೆಗೆ ಸುರಿದೆ. ಎರಡು ಚಿಪ್ಪಿನ ಸಂದಿಯಲ್ಲಿ ಕಾಲುಗಳು ಪಟಪಟ ಆಡುತ್ತಿದ್ದವು, ಚಿಪ್ಪಿನ ಮೇಲೆ ಹನ್ನೊಂದು ಗೆರೆ ಎಣಿಸಿದೆ. ಈ ಬಗೆಯವು ಪೊರೆ ಬಿಟ್ಟರೂ ಚಿಪ್ಪನ್ನು ಮಾತ್ರ ಬಿಡುವುದಿಲ್ಲ, ಪ್ರತಿ ಸಲ ಅಂಚಿಗೆ ಒಂದು ಸುತ್ತು ಸೇರುತ್ತದೆ. ಹೊಂಡ ಒಣಗಿದರೂ ಮೊಟ್ಟೆ ಮಣ್ಣಿನಲ್ಲಿ ಮಳೆಗೆ ಕಾಯುತ್ತದೆ.

ಭೂವಿಜ್ಞಾನ ಓದುವ ಗೆಳೆಯನ ಹತ್ತಿರ ಗೋದಾವರಿ ಕಡೆಯ ಕೋಟಾ ಎಂಬ ಶಿಲಾಸ್ತರದ ತುಂಡಿದೆ (ನೆಲಕ್ಕೆ ಹಾಸುವ ರಾಜಸ್ಥಾನದ ಕೋಟಾ ಕಲ್ಲಲ್ಲ), ಡೈನೊಸಾರ್‌ಗಳಿದ್ದ ಜುರಾಸಿಕ್ ಕಾಲದ್ದು. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದರೆ ತೊಗರಿಬೇಳೆಯಷ್ಟು ಚಿಪ್ಪಿನ ಮೇಲೆ ಅದೇ ಗೆರೆಗಳು! ನಮ್ಮ ಮಂಡ್ಯದ ಬಂಡೆಯಲ್ಲಿ ಇವು ಸಿಗುವುದಿಲ್ಲ, ಸುಮ್ನೆ ಹುಡುಕಬೇಡಿ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ, ಇವುಗಳ ವಂಶಕ್ಕೆ 40 ಕೋಟಿ ಅಷ್ಟೇ.

ವಂಶ ಅಂದೆ, ಆದರೆ ಅದು ಒಂದೇ ಅಲ್ಲ. ಹಿಂದೆ ಎಲ್ಲವನ್ನೂ ಕಾಂಕೋಸ್ಟ್ರಾಕ ಎಂದು ಒಂದೇ ಗುಂಪಿಗೆ ಹಾಕಿದ್ದರು. ಡಿಎನ್‌ಎ ನೋಡಿದ ಮೇಲೆ ಗುಂಪು ಒಡೆಯಿತು: 1859ರಲ್ಲಿ ನಾಗಪುರದ ಮಾದರಿಯಿಂದ ಹೆಸರು ಪಡೆದ, ಈಗಲೂ ಬದುಕಿರುವ ಸೈಕ್ಲೆಸ್ಥೀರಿಯಾ ಹಿಸ್ಲೋಪಿ ಉಳಿದ ಕ್ಲ್ಯಾಮ್ ಶ್ರಿಂಪ್‌ಗಳಿಗಿಂತ ನೀರಿನಲ್ಲಿ ಜಿಗಿಯುತ್ತ ಈಜುವ ಪುಟ್ಟ ಜೀವಿಗಳಾದ ನೀರುಚಿಗಟಗಳಿಗೆ ಹತ್ತಿರದ ಬಂಧು. ನೋಟ ಒಂದೇ ಇದ್ದ ಮಾತ್ರಕ್ಕೆ ಮನೆತನ ಒಂದೇ ಆಗಬೇಕಿಲ್ಲ, ಅಲ್ವಾ?

ಪಳೆಯುಳಿಕೆಯಲ್ಲಿ ಡಿಎನ್‌ಎ ಎಲ್ಲಿ ಸಿಗಬೇಕು? ಅಲ್ಲಿ ಚಿಪ್ಪಿನ ಆಕಾರ, ಗೆರೆ, ಗೆರೆಗಳ ನಡುವಿನ ಬಲೆಯಂಥ ಕುಸುರಿ ನೋಡಿಯೇ ಯಾವ ಕವಲು ಎಂದು ಹೇಳಬೇಕು. ಆ ಕುಸುರಿ ಈ ಗಾಜಿಗೆ ಎಟುಕುವುದಿಲ್ಲ, ಅದಕ್ಕೆ ಮೈಕ್ರೋಸ್ಕೋಪೇ ಬೇಕು.

20 ಪಟ್ಟಿನದೂ ಹಿಡಿದು ನೋಡಿದೆ. ಕಲ್ಲನ್ನು ಜಾಸ್ತಿ ಹತ್ತಿರ ತರಬೇಕು, ನೆರಳು ಬೀಳುತ್ತದೆ, ಕಾಣುವ ಜಾಗವೂ ಕಿರಿದು. 10ರದ್ದೇ ತೆಗೆದುಕೊಳ್ಳಿ. ಗಾಜನ್ನು ಕಣ್ಣಿಗೆ ಅಂಟಿಸಿದಂತೆ ಹಿಡಿದು, ಕಲ್ಲನ್ನೇ ಎರಡೂವರೆ ಸೆಂಟಿಮೀಟರ್‌ವರೆಗೆ ತನ್ನಿ. ಅಂಗಡಿಯಲ್ಲೇ ಸ್ಕ್ರೂ ಅಲ್ಲಾಡಿಸಿ ನೋಡಿ, ಬಿಲ್ ಮರೆಯಬೇಡಿ.