ಅವ್ವನ ಎಲುಬು ಅಳೆಸಿದ್ದು: ಹಿಮ್ಮಡದ ಮಷಿನ್, ಡೆಕ್ಸಾ, ಎಕ್ಸ್‌ರೇ, ರಕ್ತ ಪರೀಕ್ಷೆ, ಮತ್ತು ಗೋಡೆಗೆ ಹಿಡಿದ ಟೇಪು
ಅವ್ವನಿಗೆ ಈಗ 73. ನನಗೆ 54. ಕಳೆದ ಎರಡು ವರ್ಷದಲ್ಲಿ ಎಲುಬಿನ ಬಲ ಅಳೆಯುವ ದಾರಿ ಎಷ್ಟಿವೆಯೋ ಹೆಚ್ಚುಕಡಿಮೆ ಅಷ್ಟನ್ನೂ ನಾವಿಬ್ಬರೂ ನೋಡಿಬಿಟ್ಟೆವು. ವಿಜಯಪುರದ ನಮ್ಮ ಓಣಿಯಲ್ಲಿ ಈಗಲೂ ವಾರಕ್ಕೊಬ್ಬರಾದರೂ ‘ಬಿಎಂಡಿ ಮಾಡಿಸಬೇಕಂತೆ, ಎಲ್ಲಿ ಮಾಡಿಸೋದು’ ಅಂತ ಕೇಳುತ್ತಾರೆ. ಬಿಎಂಡಿ ಅಂದರೆ ಎಲುಬಿನ ಸಾಂದ್ರತೆ. ಶಿಬಿರದಲ್ಲಿ ಮಾಡುವುದಕ್ಕೂ ಬಿಎಂಡಿ ಅನ್ನುತ್ತಾರೆ, ಡೆಕ್ಸಾ ಅನ್ನುವ ದೊಡ್ಡ ಸ್ಕ್ಯಾನ್‌ಗೂ ಬಿಎಂಡಿ ಅನ್ನುತ್ತಾರೆ. ಎರಡೂ ಒಂದೇ ಅಂದುಕೊಂಡು ನಾವು ಹತ್ತು ತಿಂಗಳು ಕಳೆದುಕೊಂಡೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಶುರುವಾದದ್ದು ಬಡಾವಣೆಯ ಸಮುದಾಯ ಭವನದ ಉಚಿತ ಶಿಬಿರದಲ್ಲಿ. ಹಿಮ್ಮಡಕ್ಕೆ ಜೆಲ್ ಹಚ್ಚಿ, ಡಬ್ಬಿಯಂಥ ಮಷಿನ್‌ನಲ್ಲಿ ಕಾಲಿಟ್ಟು ಕೂತರೆ ಆಯ್ತು. ಎರಡು ನಿಮಿಷಕ್ಕೆ ಚೀಟಿ ಬರುತ್ತದೆ. ಇದರಲ್ಲಿ ಎಕ್ಸ್‌ರೇ ಕಿರಣ ಇಲ್ಲ. ಹಿಮ್ಮಡದ ಎಲುಬಿನ ಮೂಲಕ ಶಬ್ದದ ಅಲೆ ಹಾಯಿಸಿ, ಅದು ಎಷ್ಟು ವೇಗವಾಗಿ ದಾಟಿತು, ದಾಟುವಾಗ ಎಷ್ಟು ಕ್ಷೀಣಿಸಿತು ಅಂತ ನೋಡುತ್ತಾರೆ. ಚೀಟಿಯಲ್ಲಿ ಹಸಿರು, ಹಳದಿ, ಕೆಂಪು ಪಟ್ಟಿ. ಜೊತೆಗೆ ಟಿ ಸ್ಕೋರ್ ಅಂತ ಒಂದು ಅಂಕಿ, ಕೆಳಗಿಳಿದಷ್ಟೂ ಎಲುಬು ದುರ್ಬಲ ಅಂತ. ನನ್ನದು -2.6, ಕೆಂಪು. ಅವ್ವನದು -1.9, ಹಳದಿ. ‘ಈ ವಯಸ್ಸಿಗೆ ಅಮ್ಮನದು ಚೆನ್ನಾಗೇ ಇದೆ, ನೀವು ಜೋಪಾನ’ ಅಂದರು. ನಾನು ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿದೆ. ಅವ್ವನ ಬಗ್ಗೆ ಚಿಂತೆ ಬಿಟ್ಟೆ. ಆ ಚಿಂತೆ ಬಿಟ್ಟದ್ದೇ ತಪ್ಪಾಯ್ತು.

ಹತ್ತು ತಿಂಗಳಾದ ಮೇಲೆ ಅವ್ವ ನೀರಿನ ಕೊಡ ಎತ್ತಿದಾಗ ಬೆನ್ನು ಹಿಡಿಯಿತು. ಬಿದ್ದಿಲ್ಲ, ಎಡವಿಲ್ಲ. ಎರಡು ವಾರ ಮುಲಾಮು ಹಚ್ಚಿದರೂ ನೋವು ಹೋಗಲಿಲ್ಲ. ಆಗ ಎಲುಬಿನ ಡಾಕ್ಟರ ಹತ್ತಿರ ಹೋದೆವು. ಶಿಬಿರದ ಚೀಟಿ ನೋಡಿ ಅವರು ಅದನ್ನು ಪಕ್ಕಕ್ಕಿಟ್ಟರು. ಅವ್ವನನ್ನು ಬರಿಗಾಲಲ್ಲಿ ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. 147 ಸೆಂಟಿಮೀಟರ್. ‘ಮೊದಲು ಎಷ್ಟಿತ್ತು?’ ಅಂತ ಕೇಳಿದರು. ಮನೆಗೆ ಬಂದು ಹಳೆಯ ಆಪರೇಷನ್ ಫೈಲ್ ಹುಡುಕಿದೆ. ಇಪ್ಪತ್ತು ವರ್ಷದ ಹಿಂದೆ 152 ಅಂತ ಬರೆದಿತ್ತು.

ಐದು ಸೆಂಟಿಮೀಟರ್! ಅದು ನಮ್ಮ ಕಣ್ಣೆದುರೇ ಕಡಿಮೆಯಾಗಿತ್ತು. ಅವ್ವ ಇಳಕಲ್ ಸೀರೆ ಉಡುವಾಗ ಇತ್ತೀಚೆಗೆ ಸೊಂಟದಲ್ಲಿ ಇನ್ನೊಂದು ಮಡಿಕೆ ಮಾಡಿ ಎತ್ತಿ ಸಿಕ್ಕಿಸುತ್ತಿದ್ದಳು, ಇಲ್ಲದಿದ್ದರೆ ಅಂಚು ನೆಲ ಗುಡಿಸುತ್ತಿತ್ತು. ನೆಲುವಿನ ಮೇಲಿನ ರೊಟ್ಟಿ ಬುಟ್ಟಿ ಇಳಿಸಲು ಮೊಮ್ಮಗನನ್ನು ಕರೆಯುತ್ತಿದ್ದಳು. ‘ಸೀರೆ ಉದ್ದ ಆಗ್ಯಾವ’ ಅನ್ನುತ್ತಿದ್ದಳು, ನಾನೂ ಹೂಂ ಅನ್ನುತ್ತಿದ್ದೆ. ಹರೆಯದ ಎತ್ತರಕ್ಕಿಂತ ಸುಮಾರು 4 ಸೆಂಟಿಮೀಟರ್ ಕಡಿಮೆಯಾಗಿದ್ದರೆ, ಅಥವಾ ಅಳೆಯುತ್ತಾ ಬಂದಾಗ 2 ಸೆಂಟಿಮೀಟರ್ ಇಳಿದಿದ್ದರೆ, ಬೆನ್ನಿನ ಮಣಿ ಕುಸಿದಿರಬಹುದು ಅಂತ ಅನುಮಾನ ಪಡಬೇಕು. ಬೆಳಿಗ್ಗೆ, ಬರಿಗಾಲು, ಹಿಮ್ಮಡ ಗೋಡೆಗೆ ತಾಗಿರಬೇಕು, ತಲೆಯ ಮೇಲೆ ದಪ್ಪ ಪುಸ್ತಕ ಅಡ್ಡ ಹಿಡಿದು ಗೆರೆ ಎಳೆಯಬೇಕು. ಒಂದು ಪೈಸೆ ಖರ್ಚಿಲ್ಲ. ನಾವು ಮಾಡಿಸಿದ್ದರಲ್ಲಿ ಮೊದಲು ನಿಜ ಹೇಳಿದ್ದು ಇದೇ.

ಎತ್ತರ ನೋಡಿಯೇ ಡಾಕ್ಟರು ಬೆನ್ನಿನ ಎಕ್ಸ್‌ರೇ ಬರೆದುಕೊಟ್ಟರು, ಪಕ್ಕದಿಂದ ತೆಗೆಯುವುದು. ಎದೆಯ ಭಾಗದ ಕೊನೆಯ ಮಣಿ, ಹನ್ನೆರಡನೆಯದು, ಮುಂದಿನ ಬದಿ ಕುಸಿದು ಬೆಣೆಯ ಹಾಗೆ ಕಾಣುತ್ತಿತ್ತು. ಎಕ್ಸ್‌ರೇ ಬಗ್ಗೆ ಒಂದು ಮಾತು ಹೇಳಲೇಬೇಕು. ಎಲುಬು ಸವೆದಿದೆಯಾ ಅಂತ ಅಳೆಯಲು ಅದು ಬರುವುದಿಲ್ಲ. ಸುಮಾರು ಮೂರರಲ್ಲಿ ಒಂದು ಪಾಲು ಎಲುಬು ಕಳೆದುಹೋಗುವ ತನಕ ಸಾದಾ ಎಕ್ಸ್‌ರೇಯಲ್ಲಿ ವ್ಯತ್ಯಾಸ ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ಆಗಲೇ ಮುರಿದದ್ದನ್ನು ತೋರಿಸುತ್ತದೆ. ಜೋರಾಗಿ ಬೀಳದೆಯೂ ಬೆನ್ನಿನ ಮಣಿ ಮುರಿದಿದ್ದರೆ, ಬೇರೆ ಕಾಯಿಲೆಯಿಂದ ಅಲ್ಲ ಅಂತ ಖಚಿತವಾದರೆ, ಅದು ಆಸ್ಟಿಯೊಪೊರೋಸಿಸ್ಸೇ (ಎಲುಬು ಸವೆದು ಸುಲಭವಾಗಿ ಮುರಿಯುವ ಕಾಯಿಲೆ), ಸ್ಕ್ಯಾನ್‌ನ ಅಂಕಿ ಏನೇ ಇರಲಿ.

ಇನ್ನು ಡೆಕ್ಸಾ. ಸ್ಕ್ಯಾನ್ ಅಂದ ಕೂಡಲೇ ಅವ್ವ ಹೆದರಿದಳು, ಎಂಆರ್‌ಐ ಸುರಂಗದೊಳಗೆ ತಳ್ಳುತ್ತಾರೆ ಅಂದುಕೊಂಡಿದ್ದಳು. ಹಾಗೇನಿಲ್ಲ. ತೆರೆದ ಮಂಚದಂಥ ಟೇಬಲ್, ಮೇಲೊಂದು ತೋಳು ಮೆಲ್ಲಗೆ ಸರಿಯುತ್ತದೆ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್‌ರೇ ಹಾಯಿಸಿ, ಮಾಂಸದ ಪಾಲು ಕಳೆದು ಎಲುಬಿನ ಪಾಲು ಲೆಕ್ಕ ಹಾಕುತ್ತದೆ. ಕಿರಣದ ಪ್ರಮಾಣ ತೀರಾ ಕಡಿಮೆ. ಸೊಂಟದ ನಾಲ್ಕು ಮಣಿ ಅಳೆಯುವಾಗ ಕಾಲು ಎತ್ತಿ ಸ್ಪಂಜಿನ ದಿಮ್ಮಿಯ ಮೇಲೆ ಇಡುತ್ತಾರೆ. ತೊಡೆಯ ಕೀಲು ಅಳೆಯುವಾಗ ಪಾದ ಒಳಗೆ ತಿರುಗಿಸಿ ಪಟ್ಟಿ ಕಟ್ಟುತ್ತಾರೆ. ಇಬ್ಬರದೂ ಸೇರಿ ಮುಕ್ಕಾಲು ಗಂಟೆ ಹಿಡಿಯಿತು.

ಅದೂ ಎರಡನೇ ದಿನ. ಮೊದಲ ದಿನ ಸುಮ್ನೆ ವಾಪಸ್ ಬಂದೆವು. ಫೋನ್ ಮಾಡಿ ಕೇಳಿದಾಗ ‘ಏನೂ ತಯಾರಿ ಬೇಡ, ಬನ್ನಿ’ ಅಂದಿದ್ದರು. ಬೆಳಿಗ್ಗೆ ಕ್ಯಾಲ್ಸಿಯಂ ಮಾತ್ರೆ ನುಂಗಿದ್ದೀರಾ ಅಂತ ಕೇಳಿದ್ದು ಅಲ್ಲಿಗೆ ಹೋದ ಮೇಲೆ. ಇಬ್ಬರೂ ನುಂಗಿದ್ದೆವು. ಕರಗದ ಮಾತ್ರೆ ಹೊಟ್ಟೆಯಲ್ಲಿದ್ದರೆ ಸೊಂಟದ ಮಣಿಯ ಚಿತ್ರದ ಮೇಲೆ ಬಂದು ಅಂಕಿ ಕೆಡಿಸುತ್ತದೆ, ಒಂದು ದಿನ ಮೊದಲೇ ನಿಲ್ಲಿಸಬೇಕು. ಆ ವಯಸ್ಸಿನ ಹೆಣ್ಣುಮಗಳನ್ನು ಬೆನ್ನುನೋವಿನಲ್ಲಿ ಆಟೋದಲ್ಲಿ ಎರಡು ಸಲ ಕೂರಿಸಿಕೊಂಡು ಹೋಗುವ ಹಾಗೆ ಮಾಡಬಾರದಿತ್ತು. ಮರುದಿನ ಮಲಗಿಸುವಾಗ ಟೆಕ್ನಿಷಿಯನ್ ಹುಡುಗಿ ಸೊಂಟ ಮುಟ್ಟಿ ನೋಡಿ, ‘ಅಜ್ಜಿ, ಇಲ್ಲೇನೋ ಗಟ್ಟಿ ಇದೆಯಲ್ಲ’ ಅಂದಳು. ಅವ್ವನ ಎಲೆ ಅಡಿಕೆ ಸಂಚಿ. ಅದರಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ, ಎರಡು ಪಿನ್ನು, ಐದಾರು ನಾಣ್ಯ. ಎಲ್ಲಾ ತೆಗೆಸಿದಳು. ಆ ಹುಡುಗಿಯ ಎಚ್ಚರಿಕೆ ನನಗೆ ಬಹಳ ಹಿಡಿಸಿತು.

ರಿಪೋರ್ಟ್ ಬಂದಾಗ ಶಿಬಿರದ ಚೀಟಿಯನ್ನು ಪಕ್ಕದಲ್ಲಿಟ್ಟು ನೋಡಿದೆ. ನನ್ನದು ಸೊಂಟದ ಮಣಿ -1.4, ತೊಡೆಯ ಕೊರಳು (ತೊಡೆ ಎಲುಬು ಕೀಲಿಗೆ ಸೇರುವ ಕಡೆಯ ಸಣ್ಣ ಭಾಗ) -1.2. ಅವ್ವನದು ಸೊಂಟದ ಮಣಿ -1.3, ತೊಡೆಯ ಕೊರಳು -2.9. ಪೂರಾ ತಿರುವುಮುರುವು! ಟಿ ಸ್ಕೋರ್ ಅಂದರೆ ಹರೆಯದ ಆರೋಗ್ಯವಂತ ಹೆಣ್ಣುಮಕ್ಕಳ ಸರಾಸರಿಗಿಂತ ನಮ್ಮದು ಎಷ್ಟು ಕೆಳಗಿದೆ ಅನ್ನುವ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ ಪ್ರಕಾರ -1ರ ತನಕ ಸರಿ, -2.5 ಅಥವಾ ಅದಕ್ಕಿಂತ ಕೆಳಗೆ ಆಸ್ಟಿಯೊಪೊರೋಸಿಸ್, ನಡುವಿನದು ಸವೆಯಲು ಶುರುವಾದದ್ದು. ಆದರೆ ಈ ಗೆರೆ ಡೆಕ್ಸಾಕ್ಕೆ ಹಾಕಿದ್ದು. ಹಿಮ್ಮಡದ ಮಷಿನ್ ಕೊಡುವ -2.6ಕ್ಕೂ ಡೆಕ್ಸಾದ -2.6ಕ್ಕೂ ಅರ್ಥ ಒಂದೇ ಅಲ್ಲ. ಚೀಟಿಯಲ್ಲಿ ಅದೇ ಹೆಸರಲ್ಲಿ, ಅದೇ ಬಣ್ಣದಲ್ಲಿ ಅಚ್ಚಾಗಿ ಬಂದರೆ ಜನಕ್ಕೆ ಹೇಗೆ ಗೊತ್ತಾಗಬೇಕು, ಅಲ್ವಾ?

ಅವ್ವನ ಸೊಂಟದ ಅಂಕಿ ನನ್ನದಕ್ಕಿಂತ ಚೆನ್ನಾಗಿದ್ದದ್ದು ನೋಡಿ ನನಗೆ ಆಶ್ಚರ್ಯವಾಯ್ತು. ವಯಸ್ಸಾದವರ ಸೊಂಟದ ಮಣಿಗಳ ಕೀಲು ಸವೆದಾಗ ಅಂಚಿನಲ್ಲಿ ಎಲುಬಿನ ಮುಳ್ಳು ಬೆಳೆಯುತ್ತದೆ, ಮಷಿನ್ ಅದನ್ನೂ ಸೇರಿಸಿ ಎಣಿಸುತ್ತದೆ. ಅದಕ್ಕೇ 65 ದಾಟಿದವರಿಗೆ ತೊಡೆಯ ಕೀಲು ಅಳೆಸದೆ ಬರಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು. ಸೊಂಟ ಒಂದನ್ನೇ ಅಳೆದಿದ್ದರೆ ಅವ್ವನ ರಿಪೋರ್ಟ್ ‘ಪರವಾಗಿಲ್ಲ’ ಅಂತಲೇ ಬರುತ್ತಿತ್ತು.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ದೊಡ್ಡಮ್ಮ ಹುನಗುಂದ ಕಡೆಯ ಹಳ್ಳಿಯಲ್ಲಿ ಇದ್ದವಳು. ಆ ಭಾಗದ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಅಂಥ ನೀರು ಕುಡಿದರೆ ಬೆನ್ನೆಲುಬು ಬಿಗಿಯುತ್ತದೆ, ಡೆಕ್ಸಾದಲ್ಲಿ ಸಾಂದ್ರತೆ ಜಾಸ್ತಿ ಅಂತ ಬರುತ್ತದೆ, ಆದರೆ ಎಲುಬು ಗಟ್ಟಿ ಇರುವುದಿಲ್ಲ. ದೊಡ್ಡಮ್ಮನ ಸೊಂಟದ ಅಂಕಿ ನಮ್ಮಿಬ್ಬರದಕ್ಕಿಂತ ಮೇಲಿತ್ತು. ಆಕೆಗೆ ಕೂತಲ್ಲಿಂದ ಕತ್ತು ತಿರುಗಿಸಲು ಆಗುತ್ತಿರಲಿಲ್ಲ. ನೀವು ಅಂಥ ಊರಿನವರಾದರೆ ಯಾವ ನೀರು ಕುಡಿದು ಬೆಳೆದಿರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ರಕ್ತ ಪರೀಕ್ಷೆಯ ವಿಷಯ ಬೇಗ ಮುಗಿಯುತ್ತದೆ. ಅವ್ವನ ಕ್ಯಾಲ್ಸಿಯಂ ಸರಿಯಾಗಿತ್ತು, ವಿಟಮಿನ್ ಡಿ ಮಿಲಿಲೀಟರಿಗೆ 13 ನ್ಯಾನೋಗ್ರಾಂ. ಇಪ್ಪತ್ತಕ್ಕಿಂತ ಕೆಳಗಿದ್ದರೆ ಕೊರತೆ. ರಕ್ತದ ಕ್ಯಾಲ್ಸಿಯಂ ಸರಿ ಇದ್ದರೆ ಎಲುಬು ಸರಿ ಅಂತ ತಿಳಿಯಬೇಡಿ. ರಕ್ತದಲ್ಲಿ ಕಡಿಮೆ ಬಿದ್ದರೆ ಮೈ ಎಲುಬಿನಿಂದಲೇ ತೆಗೆದು ತುಂಬಿಸಿಕೊಳ್ಳುತ್ತದೆ. ರಕ್ತ ಪರೀಕ್ಷೆ ಬೇಕಾಗುವುದು ಕಾರಣ ಹುಡುಕಲು, ಮದ್ದು ಕೊಡುವ ಮೊದಲು ಕಿಡ್ನಿ ಮತ್ತು ಡಿ ನೋಡಲು. ಅವ್ವನಿಗೆ ವರ್ಷಕ್ಕೊಮ್ಮೆ ಕೊಡುವ ಇಂಜೆಕ್ಷನ್ ಹಾಕುವ ಮೊದಲು ಡಿ ಸರಿಪಡಿಸಿದರು.

ಫ್ರ್ಯಾಕ್ಸ್ ಅಂತ ಒಂದು ಲೆಕ್ಕವೂ ಇದೆ, ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದಲ್ಲಿ ತಯಾರಾದದ್ದು, 2008ರಿಂದ ಬಳಕೆಯಲ್ಲಿದೆ. 40ರಿಂದ 90 ವರ್ಷದವರಿಗೆ. ಫೋನಿನಲ್ಲೇ ಮಾಡಬಹುದು, ಭಾರತ ಅಂತ ಆರಿಸಿಕೊಳ್ಳಬೇಕು. ವಯಸ್ಸು, ತೂಕ, ಎತ್ತರ, ಹಿಂದೆ ಎಲುಬು ಮುರಿದಿತ್ತಾ, ತಂದೆ ತಾಯಿಗೆ ತೊಡೆ ಮುರಿದಿತ್ತಾ, ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ದಾರಾ ಅಂತ ಕೇಳುತ್ತದೆ. ಮುಂದಿನ ಹತ್ತು ವರ್ಷದಲ್ಲಿ ಮುರಿಯುವ ಸಂಭವ ಎಷ್ಟು ಅಂತ ಹೇಳುತ್ತದೆ. ಡೆಕ್ಸಾ ಅಂಕಿ ಇಲ್ಲದೆಯೂ ನಡೆಯುತ್ತದೆ. ಅವ್ವನ ತಾಯಿ ಬಚ್ಚಲಲ್ಲಿ ಜಾರಿ ತೊಡೆ ಮುರಿದುಕೊಂಡಿದ್ದಳು, ಅವ್ವ ಉಬ್ಬಸಕ್ಕೆ ಸ್ಟೀರಾಯ್ಡ್ ಮಾತ್ರೆ ನುಂಗಿದ್ದಳು. ಇವೆರಡನ್ನೂ ಶಿಬಿರದಲ್ಲಿ ಯಾರೂ ಕೇಳಲಿಲ್ಲ. ಹಿಮ್ಮಡದ ಚೀಟಿಗಿಂತ ಇದೇ ಮೇಲು ಅಂತ ನನಗೆ ಅನ್ನಿಸಿತು. ಆದರೆ ಪದೇ ಪದೇ ಬೀಳುವವರ ಅಪಾಯ ಇದರ ಲೆಕ್ಕಕ್ಕೆ ಬರುವುದಿಲ್ಲ.

ಕಳೆದ ಬೇಸಿಗೆಯಲ್ಲಿ ಅವ್ವ ಬೆಳಗಾವಿಯ ತಂಗಿ ಮನೆಯಲ್ಲಿದ್ದಳು. ವರ್ಷ ಆಯಿತಲ್ಲ ಅಂತ ಅಲ್ಲೇ ಇನ್ನೊಂದು ಡೆಕ್ಸಾ ಮಾಡಿಸಿದರು. ಸಾಂದ್ರತೆ ಏರಿದೆ ಅಂತ ಫೋನಿನಲ್ಲಿ ಎಲ್ಲರೂ ಖುಷಿಪಟ್ಟೆವು. ಡಾಕ್ಟರು ನೋಡಿ, ‘ಮಷಿನ್ ಬೇರೆ ಕಂಪನಿಯದು, ಇದನ್ನು ಅದರಿಂದ ಕಳೆಯಲು ಬರುವುದಿಲ್ಲ’ ಅಂದರು. ಕೊಟ್ಟ 2,200 ರೂಪಾಯಿಗಿಂತ ಜಾಸ್ತಿ ನೋವಾದದ್ದು ಅವ್ವನಿಗೆ ಅದನ್ನು ತಿಳಿಸುವಾಗ. ಈಗ ಮೊದಲ ಮಷಿನ್‌ನ ಕಂಪನಿ, ಮಾಡೆಲ್, ಅಳೆದದ್ದು ಎಡ ತೊಡೆ ಅನ್ನೋದನ್ನು ಫೈಲಿನ ಮೇಲೆ ದಪ್ಪಗೆ ಬರೆದಿದ್ದೇನೆ. ಮುಂದಿನ ಸಲ ಅಲ್ಲಿಗೇ ಹೋಗುತ್ತೇವೆ, ಕ್ಯಾಲ್ಸಿಯಂ ಮಾತ್ರೆ ಹಿಂದಿನ ದಿನವೇ ನಿಲ್ಲಿಸಿ.