ಮೆಡಿಟರೇನಿಯನ್ ಕ್ರೂಸ್‌ನ ದಡದ ಟೂರ್‌ಗಳು: ಎಲ್ಲಿ ಹಡಗಿನದೇ ಬೇಕು, ಎಲ್ಲಿ ದುಡ್ಡು ದಂಡ

ಕ್ರೂಸ್ ಪ್ಯಾಕೇಜನ್ನು ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಬುಕ್ ಮಾಡಿದರೂ ಅಷ್ಟೇ, ಬೆಂಗಳೂರಿನಲ್ಲಿ ಮಾಡಿದರೂ ಅಷ್ಟೇ. ಕೋಣೆ, ಊಟ, ಬಂದರು ತೆರಿಗೆ ಅದರಲ್ಲಿ ಸೇರಿರುತ್ತವೆ. ಹಡಗು ನಿಂತ ಊರಲ್ಲಿ ಇಳಿದು ಸುತ್ತಾಡುವ ಖರ್ಚು ಸಾಮಾನ್ಯವಾಗಿ ಸೇರಿರುವುದಿಲ್ಲ. ಅದನ್ನು ಶೋರ್ ಎಕ್ಸ್‌ಕರ್ಷನ್ ಅಂತ ಹಡಗಿನವರು ಬೇರೆಯಾಗಿ ಮಾರುತ್ತಾರೆ, ಹೆಚ್ಚುಕಡಿಮೆ ತಲಾ 60ರಿಂದ 200 ಯೂರೊ ತನಕ. ಏಳು ರಾತ್ರಿಯ ಯಾನದಲ್ಲಿ ಐದು ಬಂದರು ಸಿಕ್ಕಿ, ಐದರಲ್ಲೂ ಟೂರ್ ತೆಗೆದುಕೊಂಡರೆ ಗಂಡ ಹೆಂಡತಿ ಇಬ್ಬರಿಗೆ ಈ ಬಾಬತ್ತೇ ಸುಲಭವಾಗಿ ಲಕ್ಷ ರೂಪಾಯಿ ಆಗುತ್ತದೆ. ಹಾಗಾಗಿ ಐದರಲ್ಲಿ ಯಾವ ಎರಡು ಬೇಕು, ಯಾವ ಮೂರು ಬೇಡ ಅನ್ನುವುದನ್ನು ಊರಲ್ಲೇ ಕೂತು ತೀರ್ಮಾನಿಸಬೇಕು.

ಹಡಗಿನ ಟೂರ್‌ಗೆ ಕೊಡುವ ದುಡ್ಡಿನ ನಿಜವಾದ ಬೆಲೆ ಒಂದೇ ಭರವಸೆಯಲ್ಲಿದೆ. ಅವರ ಬಸ್ಸು ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಹಡಗು ಕಾಯುತ್ತದೆ, ಕಾಯಲಾಗದಿದ್ದರೆ ನಿಮ್ಮನ್ನು ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ಸ್ವಂತವಾಗಿ ಹೋದವರು ತಡಮಾಡಿದರೆ ಹಡಗು ಹೊರಟೇಬಿಡುತ್ತದೆ. ಆಮೇಲಿನ ವಿಮಾನ, ಹೋಟೆಲ್ ಎಲ್ಲ ನಿಮ್ಮ ಖರ್ಚು. ಆದ್ದರಿಂದ ನೋಡಬೇಕಾದ ಜಾಗ ಬಂದರಿನಿಂದ ಗಂಟೆಗಟ್ಟಲೆ ದೂರವಿದ್ದರೆ ಈ ಭರವಸೆಗೆ ಬೆಲೆಯಿದೆ. ಹಡಗಿನ ಮೆಟ್ಟಿಲಿಳಿದು ನಡೆದೇ ಹೋಗುವಷ್ಟು ಹತ್ತಿರವಿದ್ದರೆ ಇಲ್ಲ.

ದೂರದ ಬಂದರಿಗೆ ಒಳ್ಳೆಯ ಉದಾಹರಣೆ ರೋಮ್. ಪಟ್ಟಿಯಲ್ಲಿ ‘ರೋಮ್’ ಅಂತ ಬರೆದಿದ್ದರೂ ಹಡಗು ನಿಲ್ಲುವುದು ಚಿವಿತಾವೆಕ್ಕಿಯಾದಲ್ಲಿ. ಅಲ್ಲಿಂದ ರೋಮ್‌ಗೆ ಸುಮಾರು 70-80 ಕಿ.ಮೀ., ಅಂದರೆ ತುಮಕೂರಿನಿಂದ ಬೆಂಗಳೂರಿಗೆ ಇರುವಷ್ಟು ದೂರ, ಸಂಜೆಯ ಟ್ರಾಫಿಕ್ಕೂ ಹಾಗೇ ಅಂದುಕೊಳ್ಳಿ. ಬೆಳಿಗ್ಗೆ 7ಕ್ಕೆ ಹಡಗು ಕಟ್ಟಿ ಸಂಜೆ 7ಕ್ಕೆ ಹೊರಡುತ್ತದೆ ಅನ್ನಿ. ಹನ್ನೆರಡು ಗಂಟೆ ಸಿಕ್ಕಿತು ಅಂತ ಕಾಣುತ್ತದೆ, ಸಿಗುವುದಿಲ್ಲ. ಇಳಿದು ಬಸ್ ಹತ್ತುವ ಹೊತ್ತಿಗೆ 8. ಬಸ್ಸಿಗೆ ಒಂದೂವರೆಯಿಂದ ಎರಡು ಗಂಟೆ. ಹಡಗು ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು, ಅಂದರೆ ರೋಮ್‌ನಿಂದ ನಾಲ್ಕು, ನಾಲ್ಕೂವರೆಗೆಲ್ಲ ವಾಪಸ್ ಹೊರಡಬೇಕು. ಕೈಯಲ್ಲಿ ಉಳಿಯುವುದು ಆರು ಗಂಟೆ. ಅದರಲ್ಲಿ ವ್ಯಾಟಿಕನ್ ಮ್ಯೂಸಿಯಂ, ಕೊಲೋಸಿಯಂ, ಟ್ರೆವಿ ಕಾರಂಜಿ, ಮೂರು ಬಗೆಯ ಊಟ ಎಲ್ಲವನ್ನೂ ತುರುಕಿದ ಟೂರ್‌ಗಳು ಪಟ್ಟಿಯಲ್ಲಿ ಮೊದಲು ಕಾಣುತ್ತವೆ. ಬೇಡ. ವ್ಯಾಟಿಕನ್ ಮಾತ್ರ, ಇಲ್ಲವೇ ಕೊಲೋಸಿಯಂ ಮತ್ತು ಅದರ ಪಕ್ಕದ ಫೋರಂ (ಹಳೆ ರೋಮಿನ ಚೌಕದ ಅವಶೇಷ) ಮಾತ್ರ ಇರುವುದನ್ನು ಆರಿಸಿ. ಉಳಿದ ಹೊತ್ತಿನಲ್ಲಿ ಬೀದಿಯಲ್ಲಿ ನಿಧಾನವಾಗಿ ನಡೆದಾಡಬಹುದು.

ವಾರವೂ ಮುಖ್ಯ. ತಿಂಗಳ ಕೊನೆಯ ಭಾನುವಾರ ಬಿಟ್ಟರೆ ಉಳಿದ ಭಾನುವಾರ ವ್ಯಾಟಿಕನ್ ಮ್ಯೂಸಿಯಂ ಮುಚ್ಚಿರುತ್ತದೆ. ಬುಧವಾರ ಬೆಳಿಗ್ಗೆ ಪೋಪ್ ದರ್ಶನವಿದ್ದರೆ ಸೇಂಟ್ ಪೀಟರ್ಸ್ ಚರ್ಚಿನೊಳಗೆ ಬಿಡುವುದಿಲ್ಲ. ತಿಂಗಳ ಮೊದಲ ಭಾನುವಾರ ಕೊಲೋಸಿಯಂ, ನೇಪಲ್ಸ್ ಬಳಿಯ ಪಾಳುನಗರ ಪೊಂಪೇ ಸೇರಿದಂತೆ ಇಟಲಿಯ ಸರ್ಕಾರಿ ತಾಣಗಳಿಗೆ ಪ್ರವೇಶ ಉಚಿತ. ಉಚಿತ ಅಂದಮೇಲೆ ಜನಜಾತ್ರೆ. ಚರ್ಚಿಗೆ ಭುಜ, ಮಂಡಿ ಮುಚ್ಚಿರಬೇಕು. ಸೀರೆ, ಚೂಡಿದಾರಕ್ಕೆ ತೊಂದರೆಯಿಲ್ಲ, ತೋಳಿಲ್ಲದ ರವಿಕೆಯಿದ್ದರೆ ಒಂದು ಶಾಲು ಇರಲಿ. ಗಂಡಸರು ಚಡ್ಡಿಯಲ್ಲಿ ಹೋಗಿ ಬಾಗಿಲಲ್ಲಿ ನಿಲ್ಲುವುದು ದಿನಾ ನಡೆಯುವ ಸಂಗತಿ.

ರೈಲಿನಲ್ಲೂ ಹೋಗಬಹುದು. ಬಂದರಿನ ಉಚಿತ ಬಸ್ಸು ಲಾರ್ಗೊ ದೆಲ್ಲಾ ಪಾಚೆ ಅನ್ನುವ ಜಾಗಕ್ಕೆ ಬಿಡುತ್ತದೆ. ಅಲ್ಲಿಂದ ಸ್ಟೇಷನ್ನಿಗೆ ಊರ ಬಸ್ಸು. ಪ್ರಾದೇಶಿಕ ರೈಲಿನಲ್ಲಿ ರೋಮಾ ಸಾನ್ ಪಿಯೆತ್ರೊ ಸ್ಟೇಷನ್ನಿಗೆ ಸುಮಾರು ಒಂದು ಗಂಟೆ, ಇಳಿದು ಕಾಲು ಗಂಟೆ ನಡೆದರೆ ಸೇಂಟ್ ಪೀಟರ್ಸ್. ಕಾಗದದ ಟಿಕೆಟ್ ತೆಗೆದುಕೊಂಡರೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಒತ್ತಿಸಬೇಕು, ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ಅಪಾಯ ಇರುವುದು ಮುಷ್ಕರದಲ್ಲಿ. ಇಟಲಿಯಲ್ಲಿ ರೈಲು ಮುಷ್ಕರವನ್ನು ಮೊದಲೇ ಸಾರುತ್ತಾರೆ. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಮಾತ್ರ ಕನಿಷ್ಠ ರೈಲುಗಳ ಖಾತರಿ. ನೀವು ವಾಪಸ್ ಬರಬೇಕಾದ ನಾಲ್ಕು ಗಂಟೆ ಸರಿಯಾಗಿ ಆ ಖಾತರಿಯ ಹೊರಗೆ ಬೀಳುತ್ತದೆ. ಮುಷ್ಕರದ ಸುದ್ದಿ ಇದ್ದರೆ ಹಡಗಿನ ಬಸ್ಸನ್ನೇ ಹಿಡಿಯಿರಿ. ಹಡಗಿನವರಲ್ಲೇ ಗೈಡ್ ಇಲ್ಲದ, ಬರೀ ಬಸ್ಸಿನಲ್ಲಿ ಬಿಟ್ಟು ಕರೆತರುವ ಅಗ್ಗದ ಟೂರ್ ಇರುತ್ತದೆ. ಹಡಗು ಕಾಯುವ ಭರವಸೆ ಅದಕ್ಕೂ ಅನ್ವಯಿಸುತ್ತದೆ, ಬೀದಿಯಲ್ಲಿ ಸ್ವಾತಂತ್ರ್ಯವೂ ಉಳಿಯುತ್ತದೆ. ರೋಮ್‌ಗೆ ನಮ್ಮ ಮೊದಲ ಆಯ್ಕೆ ಇದೇ. ಕೊಲೋಸಿಯಂ ಟಿಕೆಟ್ಟಿನಲ್ಲಿ ಹೆಸರು, ಒಳಹೋಗುವ ಸಮಯ ಎರಡೂ ಅಚ್ಚಾಗಿರುವುದರಿಂದ ಅದನ್ನು ಮಾತ್ರ ಮೊದಲೇ ಕೊಂಡು, 11 ಗಂಟೆಯ ನಂತರದ ಸಮಯ ಆರಿಸಿ.

ಲಿವೋರ್ನೊ ಬಂದರಿನಲ್ಲಿ ‘ಫ್ಲಾರೆನ್ಸ್ ಮತ್ತು ಪೀಸಾ’ ಒಟ್ಟಿಗೆ ಮಾರುವ ಟೂರ್ ಬಹಳ ಹೆಸರುವಾಸಿ, ಬಹಳ ಸುಸ್ತು. ಫ್ಲಾರೆನ್ಸ್ ಸುಮಾರು 90 ಕಿ.ಮೀ., ಪೀಸಾ 25 ಕಿ.ಮೀ. ಒಳಗೆ. ಎರಡೂ ಊರಲ್ಲಿ ಪ್ರವಾಸಿ ಬಸ್ಸುಗಳನ್ನು ಹಳೆ ಊರಿನೊಳಗೆ ಬಿಡದೆ ದೂರದಲ್ಲಿ ನಿಲ್ಲಿಸುತ್ತಾರೆ, ಅಲ್ಲಿಂದ ಹೋಗಿಬರುವ ನಡಿಗೆಯೇ ಒಟ್ಟು ಒಂದು ಗಂಟೆ ತಿನ್ನುತ್ತದೆ. ಮಂಡಿನೋವಿನ ಹಿರಿಯರಿದ್ದರೆ ಪೀಸಾ ಒಂದೇ ಸಾಕು. ವಾಲುಗೋಪುರ ಹತ್ತುವ ಆಸೆಯಿದ್ದರೆ 8 ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ ಅನ್ನುವುದು ನೆನಪಿರಲಿ. ಸೋಮವಾರ ಫ್ಲಾರೆನ್ಸ್‌ನಲ್ಲಿ ಉಫೀತ್ಸಿ, ಅಕಾಡೆಮಿಯಾ ಎಂಬ ಹೆಸರಾಂತ ಕಲಾಸಂಗ್ರಹಾಲಯಗಳು ಎರಡೂ ಮುಚ್ಚಿರುತ್ತವೆ, ಆ ದಿನ ಬಿದ್ದರೆ ಹೊರಗಿನಿಂದಷ್ಟೇ ಊರು ನೋಡುವ ಟೂರ್‌ಗೆ ಪೂರ್ತಿ ದುಡ್ಡು ಕೊಡಬೇಡಿ.

ನೇಪಲ್ಸ್‌ನಲ್ಲಿ ಲೆಕ್ಕ ತಿರುಗುತ್ತದೆ. ಹಡಗು ಊರಿನ ನಡುವೆಯೇ ನಿಲ್ಲುತ್ತದೆ. ಪೊಂಪೇಗೆ ಸರ್ಕುಮ್‌ವೆಸುವಿಯಾನಾ ಎಂಬ ಲೋಕಲ್ ರೈಲಿನಲ್ಲಿ ಮುಕ್ಕಾಲು ಗಂಟೆಗಿಂತ ಕಡಿಮೆ; ಇಳಿಯುವ ಸ್ಟೇಷನ್ ಪೊಂಪೇ ಸ್ಕಾವಿ, ಎದುರಿಗೇ ದ್ವಾರ. ರೈಲು ಗಿಜಿಗಿಜಿ, ಜೇಬುಗಳ್ಳರ ಕಾಟ ಉಂಟು, ಪಾಸ್‌ಪೋರ್ಟ್ ಒಳಜೇಬಿನಲ್ಲಿರಲಿ. 79ನೇ ಇಸವಿಯಲ್ಲಿ ವೆಸುವಿಯಸ್ ಉಗುಳಿದ ಬೂದಿಯಡಿ ಹೂತ ಈ ಊರು ಸುಮಾರು 66 ಹೆಕ್ಟೇರ್, ಅದರಲ್ಲಿ ಮೂರನೇ ಎರಡರಷ್ಟು ಅಗೆದಿದ್ದಾರೆ. ಹಡಗಿನ ಅರ್ಧ ದಿನದ ಟೂರ್‌ನಲ್ಲಿ ಒಳಗೆ ಸಿಗುವುದು ಎರಡು ಗಂಟೆ, ದಾರಿಯಲ್ಲಿ ಕಪ್ಪೆಚಿಪ್ಪಿನ ಕೆತ್ತನೆಯ ಒಡವೆ ಅಂಗಡಿಯಲ್ಲೊಂದು ನಿಲುಗಡೆ ಬೇರೆ. ಆ ಎರಡು ಗಂಟೆಗೆ ಒಳ್ಳೆಯ ಗೈಡ್ ಸಿಕ್ಕರೆ ಬೇಕರಿಯ ಒಲೆ, ಬೀಸುಕಲ್ಲು, ಬೀದಿಯಲ್ಲಿ ಗಾಡಿಚಕ್ರ ಕೊರೆದ ಗೀರು, ಮಳೆನೀರಿನಲ್ಲಿ ಕಾಲು ನೆನೆಯದಂತೆ ರಸ್ತೆ ದಾಟಲು ಹಾಕಿದ ಎತ್ತರದ ಕಲ್ಲುಗಳು ಎಲ್ಲ ಜೀವ ತಳೆಯುತ್ತವೆ. ಗೈಡ್ ಇಲ್ಲದೆ ನೋಡಿದರೆ ಬರೀ ಪಾಳುಗೋಡೆ. ದಿನಕ್ಕೆ 20,000 ಜನರ ಮಿತಿ ಇದೆ, ಟಿಕೆಟ್ಟಿನಲ್ಲಿ ಹೆಸರಿರುತ್ತದೆ, 30×30×15 ಸೆಂ.ಮೀ.ಗಿಂತ ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ. ನೆರಳು ಕಡಿಮೆ. ಯೂರೋಪ್ ಅಂದರೆ ತಂಪು ಅನ್ನುವ ನಂಬಿಕೆಯನ್ನು ಜುಲೈ ತಿಂಗಳಲ್ಲಿ ಬಿಡಬೇಕು. ಅಲ್ಲಿನ ಬಿಸಿಲು ನಮ್ಮ ಏಪ್ರಿಲ್‌ಗೆ ಕಡಿಮೆಯಿಲ್ಲ. ಟೋಪಿ, ಉಪ್ಪು-ಸಕ್ಕರೆಯ ಓಆರ್‌ಎಸ್ ಪೊಟ್ಟಣ, ಹಿಡಿತವಿರುವ ಷೂ ಬೇಕೇ ಬೇಕು, ಚಪ್ಪಲಿ ಬೇಡ. ಅದೇ ಬಂದರಿನಿಂದ ಕಾಪ್ರಿ ದ್ವೀಪಕ್ಕೆ ಹೋಗುವ ಆಸೆಯಿದ್ದರೆ ಮಾತ್ರ ಹಡಗಿನ ಟೂರ್ ತೆಗೆದುಕೊಳ್ಳಿ. ಸಮುದ್ರ ಎದ್ದರೆ ಆ ವೇಗದ ದೋಣಿಗಳು ನಿಂತುಬಿಡುತ್ತವೆ, ದ್ವೀಪದಲ್ಲಿ ಸಿಕ್ಕಿಕೊಂಡವರಿಗೆ ಬೇರೆ ದಾರಿಯಿಲ್ಲ.

ಗ್ರೀಸಿನ ಸಾಂಟೊರಿನಿ ದ್ವೀಪವನ್ನು ಹೆಚ್ಚು ಗಮನವಿಟ್ಟು ಯೋಜಿಸಬೇಕು. ದೊಡ್ಡ ಹಡಗು ದಡ ಮುಟ್ಟುವುದಿಲ್ಲ, ನಡುನೀರಿನಲ್ಲಿ ನಿಂತು ಸಣ್ಣ ದೋಣಿಗಳಲ್ಲಿ ಇಳಿಸುತ್ತಾರೆ. ಸ್ವಂತವಾಗಿ ಹೋಗುವವರನ್ನು ಬಿಡುವುದು ಬಂಡೆಯ ಬುಡದ ಹಳೆ ಬಂದರಿಗೆ. ಫಿರಾ ಊರು ಇರುವುದು 220 ಮೀಟರ್ ಮೇಲೆ. ಹತ್ತಲು ಮೂರೇ ದಾರಿ: ಕೇಬಲ್ ಕಾರ್, ಕತ್ತೆ, ಇಲ್ಲವೇ ಸುಮಾರು 588 ಮೆಟ್ಟಿಲು. ಕೇಬಲ್ ಕಾರಿನ ಪಯಣ ಮೂರು ನಿಮಿಷ, ಒಂದು ಸಲಕ್ಕೆ ಆರು ಪೆಟ್ಟಿಗೆಗಳಲ್ಲಿ ಆರಾರು ಜನ, ಅಂದರೆ 36. ಎರಡು ಮೂರು ಹಡಗು ಒಟ್ಟಿಗೆ ಬಂದು ಸಾವಿರಾರು ಜನ ಮಧ್ಯಾಹ್ನ ಒಟ್ಟಿಗೇ ಇಳಿಯಲು ನಿಂತರೆ ಕ್ಯೂ ಗಂಟೆ ದಾಟುತ್ತದೆ. ಮೆಟ್ಟಿಲು ಇಳಿದುಬಿಡೋಣ ಅಂದರೆ ಅದೇ ಮೆಟ್ಟಿಲಲ್ಲಿ ಕತ್ತೆಗಳೂ ಓಡಾಡುತ್ತವೆ, ಸವೆದ ಕಲ್ಲಿನ ಮೇಲೆ ಲದ್ದಿ ಬಿದ್ದು ಜಾರುತ್ತದೆ. ಹಿರಿಯರಿಗೆ ಅದು ಸಲ್ಲದು.

ಹಡಗಿನ ಟೂರ್‌ನವರನ್ನು ಸಾಮಾನ್ಯವಾಗಿ ಮೊದಲ ದೋಣಿಗಳಲ್ಲೇ ಅಥಿನಿಯೋಸ್ ಎಂಬ ಇನ್ನೊಂದು ಬಂದರಿಗೆ ಒಯ್ದು, ಅಲ್ಲಿಂದ ಬಸ್ಸಿನಲ್ಲಿ ಒಯಾ ಊರಿಗೆ ಕರೆದೊಯ್ಯುತ್ತಾರೆ. ಹತ್ತುವ ಕಷ್ಟ ಇದರಿಂದ ತಪ್ಪುತ್ತದೆ. ಆದರೆ ಕೊನೆಗೆ ಫಿರಾದಲ್ಲಿ ಬಿಟ್ಟು, ಇಳಿದು ಬರುವುದನ್ನು ನಿಮಗೇ ಬಿಡುವ ಟೂರ್‌ಗಳಿವೆ. ವಾಪಸಿನ ಕೇಬಲ್ ಕಾರ್ ಟಿಕೆಟ್ ಸೇರಿದೆಯೇ ಅಂತ ಬುಕ್ ಮಾಡುವಾಗಲೇ ಕೇಳಿ. ಸೇರಿದ್ದರೂ ಕ್ಯೂ ತಪ್ಪುವುದಿಲ್ಲ, ಕೊನೆಯ ದೋಣಿಗೆ ಎರಡು ಗಂಟೆ ಮೊದಲೇ ಹೋಗಿ ನಿಲ್ಲಿ. 2025ರಿಂದ ಗ್ರೀಸ್ ಕ್ರೂಸ್ ಪ್ರಯಾಣಿಕರ ಮೇಲೆ ಶುಲ್ಕ ಹಾಕಿದೆ. ಸಾಂಟೊರಿನಿ, ಮೈಕೊನೋಸ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ತಲಾ 20 ಯೂರೊ. ಹಡಗಿನ ಬಿಲ್ಲಿನಲ್ಲಿ ಅದು ಕಂಡರೆ ಮೋಸ ಅಂದುಕೊಳ್ಳಬೇಡಿ.

ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಹಡಗಿನ ಟೂರ್ ಬೇಕಿಲ್ಲ. ಹಸಿರು ಮಾರ್ಗದ ಮೆಟ್ರೊ ಊರ ನಡುವಿನ ಮೊನಾಸ್ತಿರಾಕಿಗೆ ಅರ್ಧ ಗಂಟೆಯೊಳಗೆ ಮುಟ್ಟಿಸುತ್ತದೆ, ಟಿಕೆಟ್ 1.20 ಯೂರೊ. ಹಳೆ ದೇವಾಲಯಗಳಿರುವ ಗುಡ್ಡ ಆಕ್ರೊಪೊಲಿಸ್‌ನ ಟಿಕೆಟ್‌ಗೆ ಸಮಯ ನಿಗದಿ ಇದೆ, ಬೆಳಿಗ್ಗೆ 8ರದ್ದೇ ಒಳ್ಳೆಯದು. ಇತ್ತೀಚಿನ ಬೇಸಿಗೆಗಳಲ್ಲಿ ಬಿಸಿಗಾಳಿ ಹೆಚ್ಚಾದಾಗ ಮಧ್ಯಾಹ್ನದ ಹೊತ್ತು ಮುಚ್ಚಿದ್ದಾರೆ. ಮೇಲಿನ ಅಮೃತಶಿಲೆ ಲಕ್ಷಾಂತರ ಕಾಲು ಸವೆಸಿ ನುಣುಪಾಗಿದೆ, ಒಣಗಿದ್ದರೂ ಜಾರುತ್ತದೆ.

ಮಾಲ್ಟಾದ ವಲೆಟ್ಟಾ, ಮಾಂಟೆನೆಗ್ರೊದ ಕೊಟೋರ್, ಕ್ರೊಯೇಷಿಯಾದ ಡುಬ್ರೊವ್ನಿಕ್ ಮೂರರಲ್ಲೂ ಟೂರ್ ಕೊಳ್ಳಬೇಡಿ. ವಲೆಟ್ಟಾದಲ್ಲಿ ಕೋಟೆಗೋಡೆಯ ಬುಡದಲ್ಲೇ ಹಡಗು, ಲಿಫ್ಟಿನಲ್ಲಿ ಮೇಲೆ ಹೋದರೆ ಊರು. ಕೊಟೋರ್‌ನಲ್ಲಿ ಇಳಿದರೆ ಎದುರಿಗೇ ಹಳೆ ಊರಿನ ಬಾಗಿಲು. ಡುಬ್ರೊವ್ನಿಕ್‌ನ ಗ್ರೂಜ್ ಬಂದರಿನಿಂದ ಹಳೆ ಊರಿಗೆ 3 ಕಿ.ಮೀ., ಸಿಟಿ ಬಸ್ ಇದೆ. ತುರ್ಕಿಯ ಕುಶಾದಾಸಿಯಲ್ಲಿ ಮಾತ್ರ ತೆಗೆದುಕೊಳ್ಳಿ. ಅಲ್ಲಿಂದ ನೋಡಲು ಹೋಗುವ ಎಫೆಸಸ್ ಪಾಳುನಗರ ಇಳಿಜಾರಿನಲ್ಲಿದೆ. ಟೂರ್ ಬಸ್ಸು ಮೇಲಿನ ಬಾಗಿಲಲ್ಲಿ ಬಿಟ್ಟು ಕೆಳಗಿನ ಬಾಗಿಲಲ್ಲಿ ಹತ್ತಿಸಿಕೊಳ್ಳುವುದರಿಂದ ಪೂರ್ತಿ ಇಳಿಯುವ ನಡಿಗೆ. ಕೊನೆಗೆ ರತ್ನಗಂಬಳಿ ಅಂಗಡಿಗೆ ಕರೆದೊಯ್ಯುತ್ತಾರೆ, ಚಹಾ ಕುಡಿದು ಎದ್ದು ಬಂದರೆ ಯಾರೂ ತಡೆಯುವುದಿಲ್ಲ.

ಪಟ್ಟಿಯಲ್ಲಿ ‘ವೆನಿಸ್’ ಅಂತ ಕಂಡರೆ ಬಂದರಿನ ಹೆಸರು ಕೇಳಿ. 2021ರ ಆಗಸ್ಟ್‌ನಿಂದ ದೊಡ್ಡ ಹಡಗುಗಳನ್ನು ಊರಿನ ಮುಖ್ಯ ಚೌಕ ಸಾನ್ ಮಾರ್ಕೊ ಮುಂದಿನ ಕಾಲುವೆಗೆ ಬಿಡುವುದಿಲ್ಲ. ಹಲವು ಹಡಗು ರವೆನ್ನಾ, ತ್ರಿಯೆಸ್ತೆಗಳಲ್ಲಿ ನಿಲ್ಲುತ್ತವೆ. ಅಲ್ಲಿಂದ ವೆನಿಸ್‌ಗೆ ಬಸ್ಸಿನಲ್ಲಿ ಎರಡು ಗಂಟೆ, ಅದಕ್ಕಿಂತ ಹೆಚ್ಚೂ ಆಗುತ್ತದೆ.

ವೀಸಾದಲ್ಲಿ ಒಂದು ಸೂಕ್ಷ್ಮವಿದೆ, ಏಜೆಂಟರು ಎಷ್ಟೋ ಸಲ ಹೇಳುವುದಿಲ್ಲ. ಕೊಟೋರ್ ಇರುವ ಮಾಂಟೆನೆಗ್ರೊ, ತುರ್ಕಿ ಇವು ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪಿನ ದೇಶಗಳ ಗುಂಪು) ಒಳಗಿಲ್ಲ. ಹಡಗು ಅಲ್ಲಿಗೆ ಹೋಗಿ ಮತ್ತೆ ಇಟಲಿಗೋ ಗ್ರೀಸಿಗೋ ಬಂದರೆ ಅದು ಎರಡನೇ ಪ್ರವೇಶ. ಅರ್ಜಿ ಹಾಕುವಾಗಲೇ ಮಲ್ಟಿಪಲ್ ಎಂಟ್ರಿ ಕೇಳಿ, ಹಡಗಿನ ಬಂದರು ಪಟ್ಟಿಯನ್ನು ಜೊತೆಗೆ ಲಗತ್ತಿಸಿ. ಕ್ರೊಯೇಷಿಯಾ 2023ರ ಜನವರಿ 1ರಿಂದ ಷೆಂಗೆನ್‌ಗೆ ಸೇರಿರುವುದರಿಂದ ಡುಬ್ರೊವ್ನಿಕ್‌ಗೆ ಈ ತೊಡಕಿಲ್ಲ.

ಟೂರ್‌ನ ವಿವರಣೆ ಓದುವಾಗ ಕೆಲವು ಪದಗಳ ಮೇಲೆ ಬೆರಳಿಟ್ಟು ಓದಬೇಕು. ‘ಪನೋರಮಿಕ್’ ಅಂದಿದ್ದರೆ ಬಹುತೇಕ ಬಸ್ಸಿನ ಕಿಟಕಿಯಿಂದಲೇ ನೋಡುವುದು, ಮಂಡಿನೋವಿನವರಿಗೆ ಅದೇ ಅನುಕೂಲ. ಪ್ರವೇಶ ಟಿಕೆಟ್ ಸೇರಿದೆ ಅಂತ ಸ್ಪಷ್ಟವಾಗಿ ಬರೆಯದಿದ್ದರೆ ಸೇರಿಲ್ಲ. ‘ಊಟ ಸೇರಿದೆ’ ಅಂದಿದ್ದರೆ ಸಸ್ಯಾಹಾರವೆಂದು ಮುಂಚಿತವಾಗಿ ಟೂರ್ ಡೆಸ್ಕಿನಲ್ಲಿ ಬರೆಸಿ. ಬರೀ ‘ವೆಜಿಟೇರಿಯನ್’ ಅಂದರೆ ಸಾಲದು, ಮೀನು, ಮೊಟ್ಟೆ ಬೇಡವೆಂದು ಬಿಡಿಸಿ ಹೇಳಿ. ಪಾರ್ಮೆಸಾನ್ ಚೀಸ್ ಹೆಪ್ಪಾಗಿಸುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ, ಕಟ್ಟುನಿಟ್ಟಿನವರು ಅದನ್ನೂ ಬಿಡಬೇಕು. ನೇಪಲ್ಸ್‌ನಲ್ಲಿ ಮರಿನಾರಾ ಪಿಜ್ಜಾ ಕೇಳಿದರೆ ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಅಷ್ಟೇ, ಚೀಸೇ ಇರುವುದಿಲ್ಲ. ಮನೆಯ ನಿಪ್ಪಟ್ಟು, ಕೋಡುಬಳೆ ಚೀಲದಲ್ಲಿದ್ದರೆ ಆ ದಿನ ದಾಟುತ್ತದೆ. ಖಾಲಿ ಬಾಟಲಿ ಒಯ್ಯಿರಿ. ರೋಮ್ ಬೀದಿಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ನಲ್ಲಿಗಳಿವೆ.

ಆರೆಂಟು ಜನರ ಕುಟುಂಬವಾದರೆ ಖಾಸಗಿ ವ್ಯಾನ್ ಲೆಕ್ಕ ಹಾಕಿ ನೋಡಿ, ತಲಾ ಖರ್ಚು ಹಡಗಿನ ಟೂರ್‌ಗಿಂತ ಕಡಿಮೆ ಬೀಳುವುದುಂಟು. ಆದರೆ ಇಟಲಿಯಲ್ಲಿ ವ್ಯಾನ್ ಡ್ರೈವರ್ ಗೈಡ್ ಅಲ್ಲ. ಪೊಂಪೇ ಒಳಗೆ ವಿವರಿಸಲು ಪರವಾನಗಿ ಇರುವ ಗೈಡನ್ನು ಬೇರೆ ಗೊತ್ತುಮಾಡಬೇಕು.

ಇಳಿಯುವ ಮೊದಲು ಹಡಗಿನವರು ಕೊಡುವ ಆ ದಿನದ ಕಾರ್ಯಕ್ರಮದ ಹಾಳೆಯ ಫೋಟೊ ತೆಗೆದುಕೊಳ್ಳಿ. ಅದರಲ್ಲಿ ವಾಪಸ್ ಹತ್ತುವ ಸಮಯ, ಬಂದರು ಏಜೆಂಟರ ಫೋನ್ ನಂಬರ್ ಇರುತ್ತವೆ. ಗ್ರೀಸ್ ಇಟಲಿಗಿಂತ ಒಂದು ಗಂಟೆ ಮುಂದಿದೆ. ಮೊಬೈಲ್ ತಾನೇ ಸಮಯ ಬದಲಿಸಿಕೊಳ್ಳುತ್ತದೆ, ಹಡಗು ಬದಲಿಸದೆಯೂ ಇರಬಹುದು. ಕೈಗಡಿಯಾರವನ್ನು ಹಡಗಿನ ಸಮಯಕ್ಕೇ ಇಟ್ಟುಕೊಳ್ಳಿ.

ಟೂರ್‌ಗಳನ್ನು ಊರಿನಿಂದಲೇ ಆನ್‌ಲೈನಿನಲ್ಲಿ ಬುಕ್ ಮಾಡಿ, ಬೇಡವಾದರೆ ಗಡುವಿನೊಳಗೆ ರದ್ದು ಮಾಡಬಹುದು. ಗಡುವು ಸಾಮಾನ್ಯವಾಗಿ ಒಂದೆರಡು ದಿನ ಮುಂಚೆ, ಕಂಪನಿಯಿಂದ ಕಂಪನಿಗೆ ಬೇರೆ. ಜುಲೈ-ಆಗಸ್ಟ್‌ನಲ್ಲಿ ಏಜಿಯನ್ ಸಮುದ್ರದಲ್ಲಿ ಮೆಲ್ತೆಮಿ ಗಾಳಿ ಜೋರಾಗಿ, ಹಡಗು ಸಾಂಟೊರಿನಿ ಅಥವಾ ಮೈಕೊನೋಸ್ ಬಿಟ್ಟು ಮುಂದೆ ಹೋಗುವುದುಂಟು. ಆಗ ಹಡಗಿನ ಟೂರ್ ದುಡ್ಡು ತಾನಾಗಿ ನಿಮ್ಮ ಖಾತೆಗೆ ವಾಪಸ್ ಬರುತ್ತದೆ. ಖಾಸಗಿ ಟೂರ್‌ನವರಲ್ಲಿ ಹಡಗು ಬಾರದಿದ್ದರೆ ಪೂರ್ತಿ ಹಣ ವಾಪಸ್ ಅಂತ ಲಿಖಿತವಾಗಿ ಕೊಡುವವರನ್ನೇ ಆರಿಸಿ, ಮುಂಗಡ ಕಡಿಮೆ ಕೇಳುವವರಾದರೆ ಇನ್ನೂ ಒಳ್ಳೆಯದು. ನೀವೇ ಕೊಂಡ ಪ್ರವೇಶ ಟಿಕೆಟ್‌ಗಳ ಹಣ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.